ಹೆಸರಿನ ತುದಿ

ಬೀಸುಕಲ್ಲು ತಿರುಗುತ್ತ ತಿರುಗುತ್ತ ನಡುವೆಯೇ ನಿಂತುಬಿಟ್ಟಿತು. ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಬತ್ತಿ ಹೊಸೆಯುತ್ತಿದ್ದ ಸಿದ್ದಲಿಂಗವ್ವ ಕೈ ತಡೆದು ಕಿವಿಗೊಟ್ಟಳು. ಕಾಳು ತೀರಿ ನಿಂತ ಕಲ್ಲಿನ ಸಪ್ಪಳ ಬೇರೆ, ಕೈ ಸೋತು ನಿಂತ ಕಲ್ಲಿನ ಸಪ್ಪಳ ಬೇರೆ. ಐವತ್ತು ವರ್ಷ ಒಂದೇ ವಾಡೆಯಲ್ಲಿ ಕೂತವಳಿಗೆ ಅಷ್ಟು ತಿಳಿಯುತ್ತದೆ.

"ರಾಯವ್ವಾ, ಜ್ವಾಳ ಮುಗೀತೇನ?"

"ಇನ್ನೂ ಎರಡ ಸೇರ ಐತ್ರಿ ಅಕ್ಕಾರ."

"ಮತ್ತ?"

ರಾಯವ್ವ ಬೀಸುವ ಕೋಣೆಯ ಬಾಗಿಲಿಗೆ ಬಂದು ನಿಂತಳು. ಹುಬ್ಬು, ರೆಪ್ಪೆ, ಮೂಗಿನ ತುದಿ ಎಲ್ಲ ಹಿಟ್ಟು. ಕಣ್ಣಿನ ಕೆಳಗೆ ಮಾತ್ರ ಎರಡು ಗೆರೆ ತೊಳೆದುಹೋಗಿದ್ದವು.

"ನಾಡದ ನಮ್ಮವರನ್ನ ಸವದತ್ತಿ ಕಚೇರ್ಯಾಗ ನಿಲ್ಲಿಸಿ, ಅಲ್ಲಿಂದ ಬೆಳಗಾಂವಿಗೆ ಒಯ್ಯತಾರಂತ. ಬೆಳಗಾಂವಿಗೆ ಹ್ವಾದ ಮ್ಯಾಲೆ ಹೊಳ್ಳಿ ಮಾರಿ ನೋಡಾಕ ಸಿಗೂದಿಲ್ಲಂತ. ಖರೇ ಏನ್ರಿ?"

ಖರೆಯೇ. ಕೊಲೆ ಮಾಡಿದವನಿಗೆ ಸರ್ಕಾರ ಏನು ಮಾಡುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಎಳ್ಳಮವಾಸ್ಯೆಯ ದಿನ ನಡೆದದ್ದು ಅದು. ಊರಿಗೆ ಊರೇ ಪೈರಿಗೆ ಎಡೆಯ ಚರಗ ಚೆಲ್ಲಲು ಹೊಲಗಳಿಗೆ ಹೋಗಿತ್ತು. ವಾಡೆಯಲ್ಲಿ ಉಳಿದವರು ಇಬ್ಬರೇ: ಮೊಣಕಾಲು ಬಾತು ಮಲಗಿದ್ದ, ಸಿದ್ದಲಿಂಗವ್ವನ ತಮ್ಮ ಮಡಿವಾಳೆಪ್ಪಗೌಡರು, ಮತ್ತು ಹಿತ್ತಲ ದನದ ಕೊಟ್ಟಿಗೆಯಲ್ಲಿ ಈಯಲು ಬಂದ ಆಕಳನ್ನು ಕಾಯುತ್ತಿದ್ದ ರಾಯವ್ವ. ಮಧ್ಯಾಹ್ನ ಅವಳ ಗಂಡ ಮಜ್ಜಿಗೆಯ ಗಡಿಗೆ ಒಯ್ಯಲು ಗಾಡಿ ಹೊಡೆದುಕೊಂಡು ಬಂದು ಹೋದ. ಅವನು ಹೋದ ಮೇಲೆಯೋ ಇನ್ನೂ ಅಲ್ಲೇ ಇದ್ದಾಗಲೋ, ಅದನ್ನು ಯಾರೂ ಸರಿಯಾಗಿ ಹೇಳಲಾರರು, ಗೌಡರು ಒಮ್ಮೆ ಒದರಿದ್ದು ರಾಯವ್ವನಿಗೆ ಕೇಳಿಸಿತು. ಹಿತ್ತಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಅವಳು ಓಣಿ ಸುತ್ತಿ ಮುಂಬಾಗಿಲಿಗೆ ಓಡಿ ಬರುವಷ್ಟರಲ್ಲಿ ಪಡಸಾಲೆಯಲ್ಲಿ ಗೌಡರ ಹೆಣವಿತ್ತು. ಪಕ್ಕದಲ್ಲಿ ಮುಂಬಾಗಿಲಿನ ಮರದ ಅಗಳಿ ರಕ್ತ ಹತ್ತಿ ಬಿದ್ದಿತ್ತು.

ಸವದತ್ತಿಯಿಂದ ಬಂದ ಫೌಜದಾರ ಘಟ್ಟದ ಮೇಲಿನ ಮರಾಠಿ ಮನುಷ್ಯ. ಕನ್ನಡ ಆಡುತ್ತಿದ್ದ, ಆದರೆ ಪರಾತದಲ್ಲಿ ಅಕ್ಕಿ ಆರಿಸಿದಂತೆ ಒಂದೊಂದೇ ಮಾತು. ಗೌಡರು ಏನೆಂದು ಒದರಿದರು ಎಂದು ಕೇಳಿದ. ದೇವರ ಆಣೆ ಹಾಕಿಸಿ ಕೇಳಿದ್ದಕ್ಕೆ ರಾಯವ್ವ ಇದ್ದದ್ದು ಇದ್ದಂತೆ ಹೇಳಿದಳು: "ನಮ್ಮವರ ಹೆಸರ ಹಿಡದು ಒದರಿದ್ರು." ಅಷ್ಟೇ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿದ. ಹಿಂದಿನ ವಾರವೇ ಎತ್ತಿನ ಕಾಲು ಕುಂಟು ಮಾಡಿದನೆಂದು ಗೌಡರು ಅವಳ ಗಂಡನಿಗೆ ಬಾರುಕೋಲಿನಲ್ಲಿ ಹೊಡೆದದ್ದು ಊರಿಗೆಲ್ಲ ಗೊತ್ತಿತ್ತು. ಮತ್ತೆ ಯಾರನ್ನೂ ಕೇಳುವ ಅಗತ್ಯ ಬೀಳಲಿಲ್ಲ. ಅವಳ ಗಂಡ ಪರಸ್ಯಾನನ್ನು ಹಗ್ಗ ಹಾಕಿ ಒಯ್ದರು.

"ಇಲ್ಲಿ ಬಾ, ಕುಂದರು," ಅಂದಳು ಸಿದ್ದಲಿಂಗವ್ವ. "ಆ ದಿನ ಏನ ಕೇಳಿದಿ, ನನಗೊಮ್ಮಿ ಹೇಳು."

"ಎಷ್ಟ ಸರತೆ ಹೇಳ್ಲಿ ಅಕ್ಕಾರ? ನನ್ನ ನಾಲಗೀನ ನನ್ನ ಗಂಡನ ಕುತಗೀಗೆ ಉರಲಾತು."

"ಹೇಳು ಅಂದೆ."

"'ಬ್ಯಾಡೋ, ತಡಿಯೋ' ಅಂದ್ರು ಧಣ್ಯಾರು. ಅದಕ್ಕ ಮೊದಲ ನಮ್ಮವರ ಹೆಸರ ಕರದ್ರು."

ಸಿದ್ದಲಿಂಗವ್ವ ಬತ್ತಿಯನ್ನು ಬುಟ್ಟಿಗೆ ಹಾಕಿದಳು. ಹದಿನೈದು ದಿನದಿಂದ ಅವಳ ಮನಸ್ಸಿನಲ್ಲಿ ಒಂದು ಮುಳ್ಳು ಇತ್ತು. ಪರಸ್ಯಾ ಹುಟ್ಟಿದಾಗಿನಿಂದ ಈ ಮನೆಯ ಆಳು. ಪಡಸಾಲೆಯ ಮೆಟ್ಟಿಲನ್ನು ಅವನು ಒಂದು ದಿನವೂ ಹತ್ತಿದವನಲ್ಲ. ಮಳೆ ಹೊಯ್ದರೂ ಅಂಗಳದಲ್ಲೇ ನಿಂತು ತೊಯ್ಯುವ ಪ್ರಾಣಿ. ಈ ಮಾತನ್ನು ಫೌಜದಾರನಿಗೆ ಹೇಳಿಸಿದ್ದಳು. ಜೀವ ತೆಗೆಯಲು ಬಂದವನು ಮೆಟ್ಟಿಲು ನೋಡುತ್ತಾನೇನು ಎಂದು ಅವನು ನಕ್ಕಿದ್ದ. ಅಲ್ಲಿಗೆ ಅವಳೂ ಸುಮ್ಮನಾಗಿದ್ದಳು. ಸುಮ್ಮನಾದದ್ದಕ್ಕೆ ಬೇರೆಯದೇ ಕಾರಣವಿತ್ತು, ಅದನ್ನು ಅವಳು ತನಗೂ ಹೇಳಿಕೊಂಡಿರಲಿಲ್ಲ. ಆ ದಿನ ಹೊಲದಲ್ಲಿ ಇನ್ನೊಬ್ಬ ಪರಸಪ್ಪ ಊಟಕ್ಕೆ ತಡವಾಗಿ ಬಂದಿದ್ದ. ಹಳ್ಳದಲ್ಲಿ ಮಿಂದೆ ಅಂದಿದ್ದ. ಸಜ್ಜೆಯ ಕಡುಬಿಗೆ ಎರಡನೇ ಸಲ ಕೈ ಒಡ್ಡಿರಲಿಲ್ಲ.

ಈ ಪರಸಪ್ಪ ಅವಳ ಚಿಕ್ಕಪ್ಪನ ಮೊಮ್ಮಗ. ವಾಂತಿ-ಭೇದಿಯ ವರ್ಷ ತಂದೆ ತಾಯಿ ಒಂದೇ ವಾರದಲ್ಲಿ ಹೋದಾಗ ಮೂರು ವರ್ಷದವನನ್ನು ವಾಡೆಗೆ ತಂದರು. ಎಂಟು ವರ್ಷಕ್ಕೇ ಕುಂಕುಮ ಅಳಿಸಿಕೊಂಡು ತವರಿಗೆ ಬಂದಿದ್ದ ಸಿದ್ದಲಿಂಗವ್ವನ ಮಡಿಲಿಗೆ ಅವನನ್ನು ಹಾಕಿದರು. ಮೊದಲ ರಾತ್ರಿ ಅವನು ಅವಳ ಸೆರಗಿನ ತುದಿಯನ್ನು ಬಾಯಲ್ಲಿಟ್ಟುಕೊಂಡೇ ಮಲಗಿದ್ದ. ಮರುದಿನವೇ ಮನೆಯ ಹಿರಿಯರು 'ಅತ್ತಿ' ಅನ್ನಲು ಕಲಿಸಿದರು. ಸರಿಯೇ, ಅವಳು ಅತ್ತೆಯೇ. ಆದರೂ ಅವನು ಜ್ವರದಲ್ಲಿ ನರಳುವಾಗಲೆಲ್ಲ ಅವಳು ಅವನ ಬಾಯಿಯ ಹತ್ತಿರ ಕಿವಿ ಒಯ್ಯುತ್ತಿದ್ದಳು. ಎಚ್ಚರ ತಪ್ಪಿದಾಗಲಾದರೂ ಇನ್ನೊಂದು ಮಾತು ಬಂದೀತೆಂದು. ಬರಲಿಲ್ಲ.

ಇಬ್ಬರಿಗೂ ಒಂದೇ ಹೆಸರು ಬಿದ್ದದ್ದು ಗುಡ್ಡದ ಎಲ್ಲಮ್ಮನ ದೆಸೆಯಿಂದ. ಇಬ್ಬರೂ ಹರಕೆಯ ಮಕ್ಕಳು, ಒಂದೇ ವರ್ಷದವರು. ವಾಡೆಯ ಮಗುವಿನದು ದೇವಿಯ ಮಗನ ಹೆಸರು, ಅದನ್ನು ಮುರಿದು ಕರೆಯಬಾರದು ಎಂದು ಹಿರಿಯರು ಕಟ್ಟು ಮಾಡಿದ್ದರು. ಆಳಿನ ಮಗನದೂ ಅದೇ ಹೆಸರು ಎಂಬುದು ಯಾರಿಗೂ ಹೊಳೆದಿರಲಿಲ್ಲ.

ಇನ್ನೊಂದು ಬತ್ತಿಗೆ ಕೈ ಹೋಗಲಿಲ್ಲ. ತಮ್ಮನ ದನಿ ಅವಳ ಕಿವಿಯಲ್ಲಿ ಎದ್ದಿತು. ಐವತ್ತೆಂಟು ವರ್ಷ ಕೇಳಿದ ದನಿ. ಸಿಟ್ಟು ಬಂದಾಗ ಹೇಗೆ, ಹಸಿದಾಗ ಹೇಗೆ, ಆಳನ್ನು ಕರೆಯುವಾಗ ಹೇಗೆ.

"ರಾಯವ್ವಾ, ಹೆಸರು ಹ್ಯಾಂಗ ಕರದ ನನ್ನ ತಮ್ಮ? ಅಂದಂಗ ಅನ್ನು."

ರಾಯವ್ವ ಹಾವು ತುಳಿದವಳಂತೆ ಹಿಂದೆ ಸರಿದಳು. "ಶಿವನ! ನಾ ಹ್ಯಾಂಗ ಅನ್ಲಿ? ಗಂಡನ ಹೆಸರ ಬಾಯಾಗ ತಂದ್ರ ಅವರ ಆಯುಷ್ಯ ಕಡಿಮಿ ಆಗತೈತಿ."

"ಇನ್ನೆಲ್ಲಿ ಆಯುಷ್ಯ ಉಳದೈತಿ ಹುಚ್ಚಿ? ನಾಡದ ಬೆಳಗಾಂವಿಗೆ ಒಯ್ಯತಾರ."

"ಅದಕ್ಕ ಅಕ್ಕಾರ. ಇದ್ದದ್ದ ನಾಕ ದಿನಾ. ಅದನ್ನೂ ನಾ ಯಾಕ ತಿನ್ಲಿ?"

ಸಿದ್ದಲಿಂಗವ್ವನಿಗೆ ಬಯ್ಯಬೇಕೆನಿಸಿತು, ಬಯ್ಯಲಿಲ್ಲ. ಅವಳಿಗೂ ಒಂದು ಕಾಲಕ್ಕೆ ಹೇಳಬಾರದ ಹೆಸರೊಂದಿತ್ತು. ಈಗ ಹೇಳಿದರೆ ಯಾವ ಆಯುಷ್ಯವೂ ಕಡಿಮೆಯಾಗುವುದಿಲ್ಲ. ಆದರೆ ಐವತ್ತನಾಲ್ಕು ವರ್ಷದಲ್ಲಿ, ನಿನ್ನ ಗಂಡನ ಹೆಸರು ಏನೆಂದು ಒಬ್ಬರೂ ಕೇಳಿರಲಿಲ್ಲ. ಒಡಪಿನ ಪದ್ಯ ಕಟ್ಟಿ ಗಂಡನ ಹೆಸರು ಹೇಳೆಂದು ಗೆಳತಿಯರು ಬಾಗಿಲಿಗೆ ಅಡ್ಡ ನಿಂತು ಕಾಡುವ ವಯಸ್ಸೂ ಆಗ ಅವಳಿಗಿರಲಿಲ್ಲ.

ಅವಳು ದಾರಿ ಬದಲಿಸಿದಳು. ಹಠ ಹಿಡಿದ ಎತ್ತನ್ನು ಮೂಗುದಾರ ಎಳೆದು ನಡೆಸುವುದಕ್ಕಿಂತ ಮಗ್ಗುಲಿಗೆ ತಿರುಗಿಸಿ ನಡೆಸುವುದು ಸುಲಭ.

"ಹೋಗ್ಲಿ ಬಿಡು, ಹೆಸರು ಬ್ಯಾಡ. ಹೆಸರಿನ ತುದಿ ಅಷ್ಟ ಹೇಳು. ಕಡೀಕ 'ಯಾ' ಅಂದ್ನೋ, 'ಅಪ್ಪಾ' ಅಂದ್ನೋ?"

ರಾಯವ್ವ ಮೇಲೆ ನೋಡಿದಳು. ತುದಿ ಹೇಳಿದರೆ ಹೆಸರು ಹೇಳಿದಂತಾಗುತ್ತದೋ ಇಲ್ಲವೋ ಎಂದು ಲೆಕ್ಕ ಹಾಕಿದಳು. ಆಗುವುದಿಲ್ಲ ಎಂದು ತೋರಿತು.

"ಅಪ್ಪಾ ಅಂದ್ರು."

"ಚಂದಾಗಿ ನೆಂಪ ಮಾಡಿಕೊ."

"ಅಪ್ಪಾ ಅಂತನ ಅಂದ್ರು ಅಕ್ಕಾರ. ಉದ್ದಕ ಎಳದು. ನನಗ ಆವಾಗ..." ರಾಯವ್ವನ ಮಾತು ಅಲ್ಲಿಯೇ ನಿಂತಿತು. "ಆವಾಗ ಅನಸಿತ್ತು. ಇವತ್ತ ಹಬ್ಬ ಅಂತ ಧಣ್ಯಾರು ಇಷ್ಟ ಮರ್ಯಾದಿಲೆ ಕರೀತಾರಲ್ಲ ಅಂತ."

ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ರಾಯವ್ವನಿಗೆ ಅರ್ಥವಾದದ್ದು ತಡವಾಗಿ. ಅರ್ಥವಾದ ಮೇಲೆ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಗಂಡನಿಗೆ ಈ ಮನೆಯಲ್ಲಿ ಮೂವತ್ತು ವರ್ಷದಲ್ಲಿ ಒಬ್ಬರೂ 'ಅಪ್ಪ' ಹಚ್ಚಿ ಕರೆದಿರಲಿಲ್ಲ.

ಸಿದ್ದಲಿಂಗವ್ವ ಎದ್ದು ಪಡಸಾಲೆಯ ಅಂಚಿಗೆ ಬಂದಳು. ಅಂಗಳದ ಬಾನಿಯ ಹತ್ತಿರ ಅವಳು ಸಾಕಿದ ಪರಸಪ್ಪ ಕುದುರೆಗೆ ನೀರು ಕುಡಿಸುತ್ತಿದ್ದ. ಈಚೆಗೆ ಬೆನ್ನು ಮಾಡಿ ನಿಂತಿದ್ದ. ಅವಳು ಎದೆ ತುಂಬ ಉಸಿರು ತೆಗೆದುಕೊಂಡಳು. ತಮ್ಮ ಕರೆಯುತ್ತಿದ್ದ ದನಿಯಲ್ಲೇ ಕರೆದಳು.

"ಲೇ ಪರಸ್ಯಾ!"

ಅವನು ಕುದುರೆಯ ಕುತ್ತಿಗೆ ತಿಕ್ಕುತ್ತಲೇ ಇದ್ದ.

"ಪರಸ್ಯಾ!"

ಕುದುರೆ ಕಿವಿ ನಿಮಿರಿಸಿತು. ಅವನು ತಿರುಗಲಿಲ್ಲ.

"ಪರಸಪ್ಪಾ," ಅಂದಳು, ಮೊದಲಿನ ಅರ್ಧ ದನಿಯಲ್ಲಿ.

"ಯಾಕತ್ತಿ?" ಎಂದು ಕೂಡಲೇ ಹೊರಳಿದ.

"ಆಗಿಂದ ಒದರಾಕ ಹತ್ತೇನಿ. ಕಿವಿ ಕೇಳಸೂದಿಲ್ಲೇನ?"

ಅವನು ನಕ್ಕ. "ಆಳಿನ ಹೆಸರಲೆ ಕರದ್ರ ನಾ ಯಾಕ ಹೊಳ್ಳಿ ನೋಡ್ಲಿ? ನಿನಗೂ ಅರವತ್ತು ದಾಟಿದ ಮ್ಯಾಲೆ ಮರವ ಹತ್ತಿತು. ಅವ ಸವದತ್ತ್ಯಾಗ..."

ಅತ್ತೆಯ ಹಿಂದೆ ಹಿಟ್ಟು ಮೆತ್ತಿದ ಮುಖದ ರಾಯವ್ವ ನಿಂತಿದ್ದಳು. ಅವನು ಅವಳನ್ನು ನೋಡಿದ, ಅತ್ತೆಯನ್ನು ನೋಡಿದ. ನಗು ಮುಖದ ಮೇಲೆ ಇದ್ದಲ್ಲಿಯೇ ಒಣಗಿತು. ಕೈಯಲ್ಲಿನ ಕುದುರೆಯ ಹಗ್ಗ ಜಾರಿ ಕೆಸರಿಗೆ ಬಿತ್ತು.

"ನನ್ನ ತಮ್ಮ ಕಡೀಕ ನಿನ್ನ ಹೆಸರು ಪೂರಾ ಹಿಡದು ಕರದಾನ," ಅಂದಳು ಸಿದ್ದಲಿಂಗವ್ವ. "ಸಾಯೂ ಹೊತ್ತಿನ್ಯಾಗೂ ಮುರದು ಕರೀಲಿಲ್ಲ."

ಅವನು ಹಗ್ಗವನ್ನು ಅಲ್ಲೇ ಬಿಟ್ಟ. ಬಂದು ಪಡಸಾಲೆಯ ಮೆಟ್ಟಿಲ ಕೆಳಗೆ ನೆಲದ ಮೇಲೆ ಕೂತ. ಆಳುಗಳು ಕೂಡುವ ಜಾಗ ಅದು.

"ಕಾಕಾ ನನ್ನ ಬಿಟ್ಟು, ಹೇಣ್ತಿ ತವರು ಕಟಕೋಳದ ಹುಡುಗನ್ನ ದತ್ತಕ ತರತೇನಿ ಅಂದ," ನೆಲ ನೋಡುತ್ತ ಹೇಳಿದ. "ಸತ್ತ ಹೇಣ್ತಿಗೆ ಮಾತ ಕೊಟ್ಟೇನಿ ಅಂದ. ನಾ ಹಬ್ಬದ ದಿನ ಹೊಲದಿಂದ ಅದನ್ನ ಕೇಳಾಕ ಅಂತನ ಬಂದಿದ್ದೆ. ನನ್ನ ಹೇಣ್ತಿ ನೇಸರಗ್ಯಾಗ ಬಾಣಂತನಕ್ಕ ಕುಂತಾಳ, ನಾಳಿ ಹುಟ್ಟೂದು ಈ ಮನ್ಯಾಗ ಏನಾಗಿ ಬೆಳೀಬೇಕು ಅಂತ ಕೇಳಿದೆ. ನಿನ್ನಂಗ ಬೆಳೀಲಿ ಅಂದ. ನಿನ್ನಂಗ! ಕೈಯಾಗ ಅಗಳಿ ಹ್ಯಾಂಗ ಬಂತೋ ಗೊತ್ತಿಲ್ಲ ಅತ್ತಿ. ಮುಂಬಾಗಿಲಿಂದ ಹ್ಯಾಂಗ ಹೊರಬಿದ್ನೋ ಅದೂ ಗೊತ್ತಿಲ್ಲ."

"ಇವಳ ಗಂಡ?"

"ಅವ ಮಜ್ಜಿಗಿ ಒಯ್ಯಾಕ ಬಂದಿದ್ದ ಅಂತ ನನಗ ಗೊತ್ತಿರಲಿಲ್ಲ. ನಾ ಅವನ ಹೆಸರ ಯಾರ ಮುಂದೂ ಹೇಳಿಲ್ಲ."

"ಅಲ್ಲ ಅಂತನೂ ಹೇಳಿಲ್ಲ," ಅಂದಳು ರಾಯವ್ವ. ಧಣಿಯ ಮನೆಯವರ ಎದುರು ಅವಳು ಹಾಗೆ ಬಾಯಿ ಹಾಕಿದ್ದು ಅದೇ ಮೊದಲು.

ಅವನು ಅವಳ ಕಡೆ ನೋಡಲಿಲ್ಲ. ತಲೆ ಎತ್ತಿ ಅತ್ತೆಯ ಮುಖ ನೋಡಿದ. ಮೂರು ವರ್ಷದವನಿದ್ದಾಗ ನೋಡುತ್ತಿದ್ದ ಕಣ್ಣು.

"ನೀ ಹೇಳಬ್ಯಾಡ," ಅಂದ. "ಅವ್ವಾ, ನೀ ಹೇಳಬ್ಯಾಡ."

ಸಿದ್ದಲಿಂಗವ್ವ ಕಂಬ ಹಿಡಿದುಕೊಂಡಳು. ಅಂಗೈಗೆ ಕಂಬದ ಕೆತ್ತನೆ ಒತ್ತಿತು. ಆ ಮಾತು ಬಂದದ್ದು ಯಾಕೆಂದು ತಿಳಿಯದಷ್ಟು ದಡ್ಡಿ ಅವಳಲ್ಲ. ತಿಳಿದೂ ಅದು ಮೈಯ ಒಳಗೆ ಇಳಿಯಿತು. ಇನ್ನೊಮ್ಮೆ ಅನ್ನಲಿ, ಹೊತ್ತು ಮುಳುಗುವವರೆಗೆ ಅನ್ನುತ್ತಲೇ ಇರಲಿ ಎನಿಸಿತು. ಹಿಂದೆ ರಾಯವ್ವನ ಬಳೆಯ ಸಪ್ಪಳ ಕೇಳಿಸಿತು.

"ಗಾಡಿ ಹೂಡಸು," ಅಂದಳು ಕಡೆಗೆ. "ಸವದತ್ತಿಗೆ ಹೋಗೂದೈತಿ."

"ನಾ ಹೂಡ್ಸಲಿಲ್ಲಂದ್ರ?"

"ನಡಕೋತ ಹೋಗತೇವಿ. ನನಗ ಮುರಗೋಡ ದಾಟೂದ್ರಾಗ ಕಾಲು ಬಿದ್ದ ಹೋಗತಾವ. ಇಕಿ ಹೊತ್ತಕೊಂಡು ಹೋಗತಾಳ."

ಅವನು ಎದ್ದು ಕೊಟ್ಟಿಗೆಯ ಕಡೆ ಹೋದ. ತಾನೇ ಎತ್ತು ಹೂಡಿದ. ತಾನೇ ಗಾಡಿ ಹೊಡೆದ. ಹಳ್ಳ ಇಳಿಯುವಾಗ ಒಮ್ಮೆ ಮಾತ್ರ, "ಗಟ್ಯಾಗಿ ಹಿಡಕೋ ಅತ್ತಿ" ಅಂದ.

ಸವದತ್ತಿಯ ಕಚೇರಿಯಲ್ಲಿ ಮಾಮಲೇದಾರರು ಧಾರವಾಡದ ಕಡೆಯವರು. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ವಾಡೆಯ ವಿಧವೆ ಹೇಳಿದ್ದನ್ನು ತಾಳ್ಮೆಯಿಂದ ಕೇಳಿದರು. ಪಕ್ಕದಲ್ಲಿ ನಿಂತ ಫೌಜದಾರನಿಗೆ ನಗು ತಡೆಯಲಾಗಲಿಲ್ಲ. "ಸಾಹೇಬ, ಯಾ ಆದರ ಏನು, ಅಪ್ಪ ಆದರ ಏನು? ನಾವ, ಹೆಸರ, ಒಂದೇ ಅಲ್ಲ ಕಾಯ್?"

ಮಾಮಲೇದಾರರು ಬಾಗಿಲ ಹತ್ತಿರ ನಿಂತ ಪಟ್ಟೇವಾಲನ ಕಡೆ ತಿರುಗಿದರು. "ಲೇ ಮಾಳ್ಯಾ, ನಿನ್ನ ಹೆಸರೇನೋ?"

"ಮಾಳಪ್ಪ ಅಂತಾರ್ರಿ ಸಾಹೇಬ್ರ."

"ಯಾರಂತಾರ?"

ಪಟ್ಟೇವಾಲ ತಲೆ ಕೆರೆದುಕೊಂಡ. "ನಮ್ಮವ್ವ ಅಂತಿದ್ಲರಿ."

ಫೌಜದಾರ ನಗು ನಿಲ್ಲಿಸಿದ. ಮಾಮಲೇದಾರರು ಕನ್ನಡಕ ಮೇಲಕ್ಕೆ ಏರಿಸಿ ರಾಯವ್ವನನ್ನು ಮುಂದೆ ಕರೆದರು. ಇಲ್ಲಿ ತುದಿಯಿಂದ ಕೆಲಸ ನಡೆಯುವುದಿಲ್ಲ, ಕೇಳಿದ್ದನ್ನು ಕೇಳಿದಂತೆ ಪೂರಾ ಹೇಳಬೇಕು, ಕಾರಕೂನ ಬರೆದುಕೊಳ್ಳುತ್ತಾನೆ ಎಂದರು.

ರಾಯವ್ವನ ಗಂಡ ಮೂಲೆಯಲ್ಲಿ ಬೇಡಿ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದ. ಗಡ್ಡ ಬೆಳೆದಿತ್ತು. ಹೆಂಡತಿಯನ್ನು ಕಂಡಾಗಿನಿಂದ ಕಣ್ಣು ತೆಗೆದಿರಲಿಲ್ಲ. ಅವಳು ಅವನನ್ನು ನೋಡಲಿಲ್ಲ. ಕಿಟಕಿಯಾಚೆ ಗುಡ್ಡದ ದಿಕ್ಕಿಗೆ ತಿರುಗಿ ಕೈ ಮುಗಿದಳು. "ನನ್ನ ಆಯುಷ್ಯದಾಗಿಂದ ತಕ್ಕೋ ತಾಯಿ, ಅವರದರಾಗಿಂದ ಬ್ಯಾಡ," ಎಂದು ಹತ್ತಿರ ನಿಂತವರಿಗಷ್ಟೇ ಕೇಳುವಂತೆ ಅಂದಳು. ಆಮೇಲೆ ಕಣ್ಣು ಮುಚ್ಚಿ, ಗೌಡರು ಎಳೆದಷ್ಟೇ ಉದ್ದಕ್ಕೆ ಎಳೆದು, ಕೂಗಿದಳು.

"ಪರಸಪ್ಪಾ! ಬ್ಯಾಡೋ! ತಡಿಯೋ!"

ಕಚೇರಿಯ ಅಂಗಳದ ಬೇವಿನ ಗಿಡದಿಂದ ಗಿಳಿಗಳು ಹಾರಿದವು. ಕಾರಕೂನನ ಲೆಕ್ಕಣಿಕೆ ನಿಂತಿತು. ಮೂಲೆಯಲ್ಲಿ ಕೂತವನ ಬಾಯಿ ತೆರೆದೇ ಇತ್ತು.

"ನನ್ನ ತಮ್ಮ ಆ ಆಳಿಗೆ ಒಂದ ದಿನಾನೂ ಅಪ್ಪ ಹಚ್ಚಿ ಕರದಿಲ್ಲ," ಅಂದಳು ಸಿದ್ದಲಿಂಗವ್ವ. "ನಾನೂ ಕರದಿಲ್ಲ. ಬೇಕಾದ್ರ ಊರ ತುಂಬ ಕೇಳ್ರಿ."

"ಹಂಗಾರ ಯಾರನ್ನ ಕರೀತಿದ್ರು ತಾಯಿ?"

ಅದನ್ನು ಹೇಳಲು ಅವಳಿಗೆ ಆಗಲಿಲ್ಲ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿ ಹೇಳಿ ರೂಢಿ ಮಾಡಿಕೊಂಡಿದ್ದಳು, ಆದರೂ ಆಗಲಿಲ್ಲ. ಹಿಂದೆ ಗೋಡೆಗೆ ಒರಗಿ ನಿಂತಿದ್ದ ಪರಸಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದ. ಅವಳನ್ನು ದಾಟಿ ಮುಂದೆ ಬಂದ.

"ನನ್ನ ಕರೀತಿದ್ರರಿ," ಅಂದ.

ಪರಸ್ಯಾನ ಬೇಡಿ ಬಿಚ್ಚಲು ಮತ್ತೆ ನಾಲ್ಕು ದಿನ ಹಿಡಿಯಿತು. ಕಾಗದ ಬೆಳಗಾವಿಗೆ ಹೋಗಿ ಬರಬೇಕಿತ್ತು. ಅದೇ ಕಾಗದದ ಹಿಂದೆ ಇನ್ನೊಬ್ಬ ಪರಸಪ್ಪನೂ ಹೋದ. ಅವನು ಹೋದ ಬೆಳಿಗ್ಗೆ ಸಿದ್ದಲಿಂಗವ್ವ ತಾನು ಇಳಿದುಕೊಂಡಿದ್ದ ಸವದತ್ತಿಯ ಮಠದ ಕಟ್ಟೆಯ ಮೇಲೆ ನಿಂತು ರಸ್ತೆ ತಿರುಗುವವರೆಗೂ ನೋಡಿದಳು. ಅವನು ಒಮ್ಮೆಯಾದರೂ ಹೊರಳಿ ನೋಡಿದನೋ ಏನೋ. ಧೂಳಿತ್ತು, ಅವಳ ಕಣ್ಣಿಗೂ ಮೊದಲಿನ ಬೆಳಕಿರಲಿಲ್ಲ.

ಊರಿಗೆ ಮರಳುವಾಗ ಗಾಡಿಯಲ್ಲಿ ಅವಳೊಬ್ಬಳೇ. ಗಂಡ ಹೆಂಡತಿ ಎತ್ತಿನ ಮಗ್ಗುಲಿಗೆ ನಡೆಯುತ್ತಿದ್ದರು. ಅವರು ಸಣ್ಣ ದನಿಯಲ್ಲಿ ಆಡುವ ಮಾತು ಗಾಳಿಗೆ ಹಿಂದಕ್ಕೆ ಬರುತ್ತಿತ್ತು.

"ಮಂದ್ಯಾಗ ನನ್ನ ಹೆಸರ ಒದರಿದೆಲ್ಲ. ಹ್ವಾತ ನನ್ನ ಆಯುಷ್ಯ. ಇನ್ನ ಹತ್ತ ವರ್ಷನೂ ಬದಕೂದಿಲ್ಲ."

"ಹತ್ತ ಸಾಕ್ರಿ. ನಿಮ್ಮನ್ನ ಅದಕ್ಕಿಂತ ಹೆಚ್ಚಿಗಿ ತಡಕೊಳ್ಳಾಕ ನನ್ನಿಂದ ಆಗೂದಿಲ್ಲ."

"ಇನ್ನೊಮ್ಮಿ ಅನ್ನು, ಕೇಳೂಣು. ಅಪ್ಪಾ ಅಂತ ಎಳದು."

"ಹೋಗ್ರಿ ಅತ್ತಾಗ. ಅಕ್ಕಾರ ಕುಂತಾರ."

ಮುರಗೋಡ ದಾಟಿದ ಮೇಲೆ ವಾಡೆಯ ಹೊಲಗಳು ಸುರುವಾದವು. ಜೋಳದ ತೆನೆಗಳಲ್ಲಿ ಹಾಲು ಗಟ್ಟಿಯಾಗಿತ್ತು. ಹೊಲ ಕಾಯುವ ಲಗಮವ್ವ ಬದುವಿನ ಮೇಲೆ ಕುಳ್ಳಿನ ಬೆಂಕಿ ಮಾಡಿ ಎಳೆ ತೆನೆ ಸುಟ್ಟು ಸೀತನಿ ಕಾಳು ಬಡಿಯುತ್ತಿದ್ದಳು. ಗಾಡಿ ಕಂಡು, ಎರಡು ಮುತ್ತುಗದ ಎಲೆಗಳಲ್ಲಿ ಬಿಸಿ ಕಾಳು ಸುತ್ತಿಕೊಂಡು ಓಡಿ ಬಂದಳು. ಹೊಲ ಬಿಟ್ಟು ಹೋಗದ ಅವಳಿಗೆ ಸವದತ್ತಿಯ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

"ಇದು ನಿಮಗ್ರಿ ಅಕ್ಕಾರ. ಇದು ಸಣ್ಣ ಧಣ್ಯಾರಿಗೆ. ಲಗೂನ ಮುಟ್ಟಸ್ರಿ, ಅವರು ಆರಿದ್ದು ತಿನ್ನೂದಿಲ್ಲ."

ನಡೆಯುತ್ತಿದ್ದ ಇಬ್ಬರೂ ಮಾತು ನಿಲ್ಲಿಸಿದರು. ಸಿದ್ದಲಿಂಗವ್ವ ಎರಡೂ ಪೊಟ್ಟಣ ಇಸಿದುಕೊಂಡು, "ಮುಟ್ಟಸ್ತೇನಿ," ಅಂದಳು. ತನ್ನದನ್ನು ಮುಂದಕ್ಕೆ ಚಾಚಿ ರಾಯವ್ವನಿಗೆ ಕೊಟ್ಟಳು. ಇನ್ನೊಂದನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಗಾಡಿ ಮುಂದೆ ಹೋಯಿತು. ಎಲೆಯ ಬಿಸಿ ಸೀರೆಯನ್ನು ದಾಟಿ ತೊಡೆಗೆ ತಾಗುತ್ತಿತ್ತು. ಅವಳು ಅದರ ಮೇಲೆ ಎರಡೂ ಕೈ ಮುಚ್ಚಿಕೊಂಡು ಕೂತಳು.